ಸೊರಟೂರಿನ ಯುದ್ಧ ಮತ್ತು ನಮ್ಮ ಸೀಮೆ

ಕಡೂರು, ತರೀಕೆರೆ, ಅಜ್ಜಂಪುರ ಭಾಗದ ನಮ್ಮ ವಿದ್ಯಾರ್ಥಿಗಳಲ್ಲಿ ಅಮೃತಾಪುರದ ಹೆಸರು ಕೇಳದವರು ಇರಲಾರರು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು 1196ರಲ್ಲಿ ಅಲ್ಲಿ ದೇವಾಲಯವನ್ನು ಕಟ್ಟಿಸಿದನು. ನಮ್ಮಲ್ಲಿ ಅನೇಕರು ಶಾಲೆಯ ದಿನಗಳಲ್ಲಿ ಸಾಲಾಗಿ ನಿಂತು ಅದರ ಗೋಡೆಯ ಮೇಲಿನ ರಾಮಾಯಣ, ಮಹಾಭಾರತದ ಕೆತ್ತನೆಗಳನ್ನು ನೋಡಿ ಬಂದವರೇ. ಆದರೆ ಆ ವರ್ಷದ ಬಗ್ಗೆ ಯೋಚಿಸಿದವರು ಕಡಿಮೆ. ಒಬ್ಬ ಸೇನಾಧಿಪತಿಗೆ ಕತ್ತಿಯನ್ನು ಕೆಳಗಿಟ್ಟು ಇಷ್ಟು ದೊಡ್ಡ ಕಟ್ಟಡಕ್ಕೆ ಕೈಹಾಕುವ ಧೈರ್ಯವೂ ಅನುಕೂಲವೂ 1196ರಲ್ಲಿ ಹೇಗೆ ಬಂತು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಗದಗ ಸಮೀಪದ ಸೊರಟೂರು ಎಂಬ ಊರಿಗೆ ತಲುಪುತ್ತೇವೆ. ಅಮೃತಾಪುರದ ದೇವಾಲಯ ಏಳುವುದಕ್ಕೆ ಐದಾರು ವರ್ಷ ಮೊದಲು ಅಲ್ಲಿ ನಡೆದ ಯುದ್ಧವೊಂದು, ಕನ್ನಡ ನಾಡಿನ ಯಜಮಾನಿಕೆ ಯಾರದು ಎಂಬುದನ್ನು ತೀರ್ಮಾನಿಸಿತು. ಪರಕೀಯರು ಬಂದು ಮಾಡಿದ ಯುದ್ಧ ಅದಲ್ಲ. ಒಂದೇ ಸಾಮ್ರಾಜ್ಯದ ನೆರಳಿನಲ್ಲಿ ಬೆಳೆದ ಎರಡು ಮನೆತನಗಳ ನಡುವಿನ ದಾಯಾದಿ ಜಗಳ. ಅದರ ಕಾರಣವೇನು, ಅದರಿಂದ ನಮ್ಮ ಸೀಮೆಗೆ ಏನು ಬಂತು, ಕೊನೆಗೆ ಎರಡೂ ಕಡೆಯವರು ಏನು ಕಳೆದುಕೊಂಡರು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಜಮಾನನಿಲ್ಲದ ಮನೆ

ತೈಲಪನು 973ರಲ್ಲಿ ಸ್ಥಾಪಿಸಿದ ಕಲ್ಯಾಣದ ಚಾಲುಕ್ಯ ರಾಜ್ಯವು ಸುಮಾರು ಎರಡು ಶತಮಾನಗಳ ಕಾಲ ನಮ್ಮ ನಾಡಿನ ಹಿರಿಯ ಮನೆಯಾಗಿತ್ತು. ಅದರ ಆಶ್ರಯದಲ್ಲಿ ಅನೇಕ ಸಾಮಂತ ಮನೆತನಗಳಿದ್ದವು. ದಕ್ಷಿಣದಲ್ಲಿ ಹೊಯ್ಸಳರು, ಉತ್ತರದಲ್ಲಿ ಸೇವುಣರು, ನಡುವೆ ಉಚ್ಚಂಗಿಯ ಪಾಂಡ್ಯರು, ಹಾನಗಲ್ಲಿನ ಕದಂಬರು, ಸಿಂದರು, ಕಳಚುರಿಗಳು. ಹಿರಿಯ ಮನೆ ಗಟ್ಟಿಯಾಗಿರುವವರೆಗೆ ಇವರೆಲ್ಲ ತಲೆಬಾಗಿ ಕಪ್ಪ ಕೊಡುತ್ತಿದ್ದರು. ಸಡಿಲವಾದಾಗ ತಲೆ ಎತ್ತುತ್ತಿದ್ದರು.

ಆ ಹಿರಿಯ ಮನೆಯಲ್ಲಿಯೂ ಒಡಕು ಹೊಸದೇನಲ್ಲ. ಚಾಲುಕ್ಯರ ಅತಿ ಪ್ರಸಿದ್ಧ ದೊರೆ ಆರನೆಯ ವಿಕ್ರಮಾದಿತ್ಯನೇ 1076ರಲ್ಲಿ ತನ್ನ ಅಣ್ಣ ಇಮ್ಮಡಿ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ ಪಟ್ಟಕ್ಕೆ ಬಂದವನು. ಆ ಅಣ್ಣತಮ್ಮಂದಿರ ಕಾಳಗದಲ್ಲಿ ವಿಕ್ರಮಾದಿತ್ಯನ ಬೆನ್ನಿಗೆ ನಿಂತವರಲ್ಲಿ ಹೊಯ್ಸಳರೂ ಇದ್ದರು, ಸೇವುಣರೂ ಇದ್ದರು. ಯಜಮಾನನ ಮನೆಯ ಜಗಳದಲ್ಲಿ ಪಕ್ಷ ವಹಿಸಿದ ಸಾಮಂತನು ಮುಂದೊಂದು ದಿನ ತಾನೇ ಯಜಮಾನನಾಗುವ ಕನಸು ಕಾಣುವುದು ಸಹಜ.

ವಿಕ್ರಮಾದಿತ್ಯನು 1126ರಲ್ಲಿ ತೀರಿಕೊಂಡ ಮೇಲೆ ಚಾಲುಕ್ಯರ ಹಿಡಿತ ಕುಗ್ಗುತ್ತಾ ಬಂತು. ಕಳಚುರಿ ಬಿಜ್ಜಳನು ಕಲ್ಯಾಣದ ಗದ್ದುಗೆಯನ್ನೇ ವಶಪಡಿಸಿಕೊಂಡನು. ಬಸವಣ್ಣನವರ ಹೆಸರಿನೊಡನೆ ನಾವು ನೆನೆಯುವ ಬಿಜ್ಜಳ ಇವನೇ. ಬಿಜ್ಜಳನ ಮಕ್ಕಳ ಕಾಲದಲ್ಲಿ ಕಳಚುರಿಗಳೂ ಬಲಗುಂದಿದರು. ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಬ್ರಹ್ಮ ಎಂಬ ಸೇನಾನಿಯ ನೆರವಿನಿಂದ 1184ರ ಸುಮಾರಿಗೆ ಕಲ್ಯಾಣವನ್ನು ಮರಳಿ ಪಡೆದನು. ಆದರೆ ಮರಳಿ ಬಂದದ್ದು ಗದ್ದುಗೆ ಮಾತ್ರ, ಹಿಂದಿನ ಬಲವಲ್ಲ. ಉತ್ತರದಿಂದ ಸೇವುಣರ ಐದನೆಯ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ಬಲ್ಲಾಳನೂ ಆ ಗದ್ದುಗೆಯ ಮೇಲೆ ಕಣ್ಣಿಟ್ಟಿದ್ದರು.

ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹೊಯ್ಸಳರೂ ಸೇವುಣರೂ ತಮ್ಮನ್ನು ಯದುವಂಶದವರೆಂದೇ ಹೇಳಿಕೊಳ್ಳುತ್ತಿದ್ದರು. ‘ದ್ವಾರಾವತೀಪುರವರಾಧೀಶ್ವರ’ ಎಂಬ ಬಿರುದು ಎರಡೂ ಮನೆತನಗಳ ಶಾಸನಗಳಲ್ಲಿದೆ. ಹೊಯ್ಸಳರ ಶಾಸನಗಳಂತೆಯೇ ಸೇವುಣರ ಶಾಸನಗಳಲ್ಲಿಯೂ ಬಹುಪಾಲು ಕನ್ನಡದಲ್ಲಿವೆ. ಭಾಷೆ ಒಂದು, ಹೇಳಿಕೊಳ್ಳುವ ಮೂಲಪುರುಷ ಒಬ್ಬ, ಪೂಜಿಸುವ ದೇವರುಗಳೂ ಅವೇ. ಆದರೂ ಇವರ ಹಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ತಂದೆಯ ವಿರುದ್ಧ ಮಗ

ಬಲ್ಲಾಳನು ಪಟ್ಟಕ್ಕೆ ಬಂದ ರೀತಿಯೂ ಮನೆಯೊಳಗಿನ ಕಲಹವೇ. ಅವನ ತಂದೆ ಒಂದನೆಯ ನರಸಿಂಹನು ವಿಷ್ಣುವರ್ಧನನಂಥ ಪರಾಕ್ರಮಿಯ ಮಗನಾದರೂ ತಂದೆಯ ಹುರುಪು ಅವನಲ್ಲಿರಲಿಲ್ಲ. ಮಗ ಬಲ್ಲಾಳನು ರಾಜಧಾನಿಯನ್ನು ಬಿಟ್ಟು ಹೊರಟು, ಚೆಂಗಾಳ್ವ, ಕೊಂಗಾಳ್ವ ಮೊದಲಾದ ಸಾಮಂತರನ್ನು ತನ್ನ ಕಡೆಗೆ ಒಲಿಸಿಕೊಂಡು ತಂದೆಯ ವಿರುದ್ಧವೇ ನಿಂತನು. 1173ರ ಜುಲೈ ತಿಂಗಳಲ್ಲಿ ದೋರಸಮುದ್ರದಲ್ಲಿ ಅವನ ಪಟ್ಟಾಭಿಷೇಕವಾಯಿತು.

ವಿದ್ಯಾರ್ಥಿ ಮಿತ್ರರಿಗೆ ಒಂದು ಸ್ವಾರಸ್ಯದ ಸಂಗತಿ: ಅದೇ 1173ರಲ್ಲಿ, ಸಾವಿರಾರು ಮೈಲಿ ಆಚೆ, ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ವಿರುದ್ಧ ಅವನ ಮಕ್ಕಳೇ ದಂಗೆ ಎದ್ದರು. ಹಿರಿಯ ಮಗನಿಗೆ ತಂದೆಯು ಮೂರು ವರ್ಷ ಮೊದಲೇ ಕಿರೀಟವನ್ನು ತೊಡಿಸಿದ್ದನಾದರೂ ಅಧಿಕಾರವನ್ನು ಕೊಟ್ಟಿರಲಿಲ್ಲ. ತಾಯಿ ಎಲಿನಾರ್ ರಾಣಿಯೂ ಮಕ್ಕಳ ಪಕ್ಷ ಸೇರಿದಳು. ಅಲ್ಲಿ ತಂದೆ ಗೆದ್ದನು, ರಾಣಿ ಸೆರೆಯಾದಳು. ಇಲ್ಲಿ ಮಗ ಗೆದ್ದನು. ಆ ದಂಗೆಯಲ್ಲಿದ್ದ ಮಕ್ಕಳಲ್ಲಿ ಒಬ್ಬನಾದ ರಿಚರ್ಡನೇ ಮುಂದೆ 1191ರಲ್ಲಿ ಪ್ಯಾಲೆಸ್ಟೈನಿಗೆ ಹೋಗಿ ಸುಲ್ತಾನ್ ಸಲಾಹುದ್ದೀನನನ್ನು ಎದುರಿಸಿದವನು. ಮಧ್ಯಯುಗದ ಅರಸುಮನೆಗಳಲ್ಲಿ ಪಟ್ಟದ ಪ್ರಶ್ನೆಗೆ ಗಟ್ಟಿಯಾದ ನಿಯಮವಿರಲಿಲ್ಲ. ಹಿರಿಯ ಮಗನೋ ಸಮರ್ಥ ಮಗನೋ ಎಂಬುದನ್ನು ಬಹಳ ಸಲ ಕತ್ತಿಯೇ ಹೇಳಬೇಕಾಗುತ್ತಿತ್ತು.

ಬಲ್ಲಾಳನು ಸಮರ್ಥನೆಂಬುದರಲ್ಲಿ ಸಂದೇಹವಿಲ್ಲ. 1177ರಲ್ಲಿ ಅವನು ಪಾಂಡ್ಯರ ಉಚ್ಚಂಗಿ ದುರ್ಗವನ್ನು ಹಿಡಿದನು. ಆ ಗೆಲುವಿನ ನೆನಪಿಗೆ ‘ಗಿರಿದುರ್ಗಮಲ್ಲ’ ಎಂಬ ಬಿರುದು ಬಂತು. ದುರ್ಗ ಕೈವಶವಾದದ್ದು ಶನಿವಾರವಾದ್ದರಿಂದ ‘ಶನಿವಾರಸಿದ್ಧಿ’ ಎಂದೂ ಕರೆಸಿಕೊಂಡನು. ಉಚ್ಚಂಗಿ ಕೈಗೆ ಬಂದ ಮೇಲೆ ತುಂಗಭದ್ರೆಯ ಕಡೆಗೆ ದಾರಿ ತೆರೆಯಿತು.

ಭೂಪಟವನ್ನು ಬಿಡಿಸಿ ನೋಡಿ. ದೋರಸಮುದ್ರವೆಂದರೆ ಇಂದಿನ ಹಳೇಬೀಡು. ಅಲ್ಲಿಂದ ಉತ್ತರಕ್ಕೆ ದಂಡು ಹೊರಟರೆ ಪಶ್ಚಿಮಕ್ಕೆ ಬಾಬಾಬುಡನ್ ಗಿರಿಯ ಸಾಲು. ಅದರ ಮಗ್ಗುಲಿಗೆ ಬಯಲು ಬಿಚ್ಚಿಕೊಂಡಿರುವುದು ನಮ್ಮ ಕಡೂರು, ಅಜ್ಜಂಪುರಗಳ ಸೀಮೆ. ನೀರಿಗೆ ಕೆರೆಗಳು, ದನಕರುಗಳಿಗೆ ಹುಲ್ಲುಗಾವಲು. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಫಿರಂಗಿ, ಸಾಮಾನು ಎಳೆಯುವುದಕ್ಕೆ ಹೆಸರಾದ ಅಮೃತಮಹಲ್ ದನಗಳ ಕಾವಲುಗಳು ಈ ಭಾಗದಲ್ಲಿದ್ದುದೂ, ಅಜ್ಜಂಪುರದಲ್ಲಿ ಅವುಗಳ ತಳಿ ಕೇಂದ್ರ ಇರುವುದೂ ಆಕಸ್ಮಿಕವಲ್ಲ. ಎತ್ತು, ಮೇವು, ನೀರು ಇಲ್ಲದೆ ಆ ಕಾಲದ ಯಾವ ಸೈನ್ಯವೂ ನಾಲ್ಕು ದಿನ ನಡೆಯಲಾರದು.

ಸೊರಟೂರಿನಲ್ಲಿ ನಡೆದದ್ದು

ಮೊದಲು ಬಲ್ಲಾಳನು ಎದುರಿಸಿದ್ದು ಚಾಲುಕ್ಯರ ಸೇನಾನಿ ಬ್ರಹ್ಮನನ್ನು. ಬ್ರಹ್ಮನ ಬಲ ಆನೆಗಳಲ್ಲಿತ್ತು. ಹಿಂದೊಮ್ಮೆ ಅವನು ಒಂದೇ ಆನೆಯಿಂದ ಅರವತ್ತು ಆನೆಗಳನ್ನು ಗೆದ್ದಿದ್ದನೆಂಬ ಖ್ಯಾತಿ ಇತ್ತು. ಅಂಥವನನ್ನು ಬಲ್ಲಾಳನು ಕೇವಲ ಕುದುರೆಯ ದಳದಿಂದ ಸೋಲಿಸಿದನೆಂದು ಗದಗಿನ ಶಾಸನ ಹೇಳುತ್ತದೆ. ಯುದ್ಧದ ರೀತಿ ಬದಲಾಗುತ್ತಿದ್ದ ಕಾಲವದು. ವೇಗವಾಗಿ ಸುತ್ತುವರಿದು ಹೊಡೆಯುವ ಅಶ್ವದಳದ ಮುಂದೆ ಆನೆಯ ಸಾಲು ನಿಧಾನವಾಗಿ ತನ್ನ ಬೆಲೆ ಕಳೆದುಕೊಳ್ಳುತ್ತಿತ್ತು. ಒಳ್ಳೆಯ ಯುದ್ಧದ ಕುದುರೆಗಳು ನಮ್ಮಲ್ಲಿ ಹುಟ್ಟುತ್ತಿರಲಿಲ್ಲ. ಅವು ಅರಬ್ ದೇಶಗಳಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು ಇಳಿಯುತ್ತಿದ್ದವು. ನಮ್ಮ ನಾಡಿಗೂ ಅರಬ್ ವರ್ತಕರಿಗೂ ಇದ್ದ ನಂಟು ಯುದ್ಧದಿಂದ ಹುಟ್ಟಿದ್ದಲ್ಲ, ವ್ಯಾಪಾರದಿಂದ ಹುಟ್ಟಿದ್ದು ಎಂಬುದನ್ನು ಇಲ್ಲಿ ನೆನೆಯಬಹುದು.

ಬ್ರಹ್ಮನ ಸೋಲಿನೊಂದಿಗೆ ಚಾಲುಕ್ಯ ಸೋಮೇಶ್ವರನ ಕಥೆ ಮುಗಿದಂತೆಯೇ ಆಯಿತು. ಅವನು ಗೋವೆಯ ಕದಂಬರ ಆಶ್ರಯ ಸೇರಿದನು. ಇತ್ತ ಭಿಲ್ಲಮನು ಕಲ್ಯಾಣವನ್ನು ವಶಪಡಿಸಿಕೊಂಡು, ದೇವಗಿರಿಯಲ್ಲಿ ಹೊಸ ರಾಜಧಾನಿಯನ್ನು ಕಟ್ಟಿ, ದಕ್ಷಿಣಕ್ಕೆ ಗದಗಿನವರೆಗೂ ಬಂದನು. ಮುಂದೆ ದೌಲತಾಬಾದ್ ಎಂದು ಹೆಸರಾದದ್ದು ಈ ದೇವಗಿರಿಯೇ. ಹೀಗೆ ಹಿರಿಯ ಮನೆಯ ಆಸ್ತಿಗೆ ಉಳಿದ ಇಬ್ಬರು ಹಕ್ಕುದಾರರು ಎದುರುಬದುರಾದರು.

1190–91ರ ಸುಮಾರಿಗೆ ಸೊರಟೂರಿನ ಬಯಲಿನಲ್ಲಿ ಎರಡು ಸೈನ್ಯಗಳು ಕೈಕೈ ಮಿಲಾಯಿಸಿದವು. ಭಿಲ್ಲಮನ ಕಡೆ ಎರಡು ಲಕ್ಷ ಕಾಲಾಳುಗಳೂ ಹನ್ನೆರಡು ಸಾವಿರ ಕುದುರೆಗಳೂ ಇದ್ದವೆಂದು ಹೊಯ್ಸಳರ ಕಡೆಯ ಶಾಸನ ಹೇಳುತ್ತದೆ. ಗೆದ್ದವನು ಸೋತವನ ಸೈನ್ಯವನ್ನು ದೊಡ್ಡದು ಮಾಡಿ ಹೇಳುವುದು ವಾಡಿಕೆ. ದೊಡ್ಡದನ್ನು ಗೆದ್ದರೆ ತಾನೂ ದೊಡ್ಡವನಾಗುತ್ತಾನಲ್ಲವೇ? ಆದ್ದರಿಂದ ಆ ಲೆಕ್ಕವನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ಯುದ್ಧ ಅಸಾಧಾರಣವಾಗಿತ್ತು ಎಂಬುದಕ್ಕೆ ಅದರ ಫಲವೇ ಸಾಕ್ಷಿ. ಸೇವುಣರ ದಂಡು ಮುರಿಯಿತು. ಅಳಿದುಳಿದವರು ಲೊಕ್ಕಿಗುಂಡಿಯ ಕೋಟೆಯನ್ನು ಸೇರಿದರು. ಲೊಕ್ಕಿಗುಂಡಿ ಎಂದರೆ ಇಂದು ನಾವು ಲಕ್ಕುಂಡಿ ಎಂದು ಕರೆಯುವ ಊರು. ಬಲ್ಲಾಳನು ಅಲ್ಲಿಗೂ ಬೆನ್ನಟ್ಟಿದನು. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನು ಅಲ್ಲಿ ಸೋತನು, ಕೋಟೆ ಬಿತ್ತು. ಭಿಲ್ಲಮನೂ ಹೆಚ್ಚು ದಿನ ಬದುಕಲಿಲ್ಲ. ಯಲಬುರ್ಗಾ, ಕುರುಗೋಡು ಮೊದಲಾದ ಕೋಟೆಗಳು ಒಂದೊಂದಾಗಿ ಹೊಯ್ಸಳರ ಕೈಸೇರಿ, ಅವರ ಗಡಿ ಮಲಪ್ರಭಾ, ಕೃಷ್ಣೆಯರ ದಡ ಮುಟ್ಟಿತು.

ಅದುವರೆಗೆ ಚಾಲುಕ್ಯರ ಸಾಮಂತರೆಂದು ಬರೆಸಿಕೊಳ್ಳುತ್ತಿದ್ದ ಹೊಯ್ಸಳರು ಈ ಗೆಲುವಿನ ನಂತರ ಸಾಮ್ರಾಟರ ಬಿರುದುಗಳನ್ನು ಧರಿಸಿದರು. ಸ್ವಲ್ಪ ಕಾಲ ಬಲ್ಲಾಳನು ಲೊಕ್ಕಿಗುಂಡಿಯನ್ನೇ ತನ್ನ ನೆಲೆವೀಡು ಮಾಡಿಕೊಂಡಿದ್ದನು. ಇದೇ ದಿನಗಳಲ್ಲಿ ಉತ್ತರ ಭಾರತದ ತರೈನ್ ಬಯಲಿನಲ್ಲಿ ಮುಹಮ್ಮದ್ ಘೋರಿಗೂ ಪೃಥ್ವೀರಾಜನಿಗೂ 1191 ಮತ್ತು 1192ರಲ್ಲಿ ಎರಡು ಯುದ್ಧಗಳು ನಡೆದವು. ತರೈನ್ ಯುದ್ಧ ಎಲ್ಲರಿಗೂ ಗೊತ್ತು. ಸೊರಟೂರು ಎಷ್ಟು ಜನರಿಗೆ ಗೊತ್ತು? ನಮ್ಮ ಸೀಮೆಯ ಮುಂದಿನ ನೂರು ವರ್ಷಗಳನ್ನು ಹೆಚ್ಚು ತಟ್ಟಿದ್ದು ಎರಡನೆಯದೇ.

ಒಂದು ದೇವಾಲಯ, ಇಬ್ಬರು ದಾನಿಗಳು

ಇಷ್ಟು ಹಳೆಯ ಯುದ್ಧದ ಕಾಲವನ್ನು ಇತಿಹಾಸಕಾರರು ಹೇಗೆ ಗುರುತಿಸುತ್ತಾರೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಗದಗಿನ ತ್ರಿಕೂಟೇಶ್ವರ ದೇವಾಲಯದ ಎರಡು ಶಾಸನಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲನೆಯದು 1191ರದು, ಭಿಲ್ಲಮನು ಆ ದೇವಾಲಯಕ್ಕೆ ದತ್ತಿ ಕೊಟ್ಟದ್ದನ್ನು ಹೇಳುತ್ತದೆ. ಎರಡನೆಯದು 1192ರದು, ಬಲ್ಲಾಳನು ಅದೇ ದೇವಾಲಯಕ್ಕೆ ದತ್ತಿ ಕೊಟ್ಟದ್ದನ್ನು ಹೇಳುತ್ತದೆ. ಅಂದರೆ ಈ ಎರಡು ಕಲ್ಲುಗಳ ನಡುವಿನ ಅಲ್ಪ ಅವಧಿಯಲ್ಲಿ ಗದಗಿನ ಒಡೆತನ ಕೈಬದಲಾಯಿತು. ಯಾವ ಚರಿತ್ರೆಯ ಗ್ರಂಥವೂ ಹೇಳದಷ್ಟು ಖಚಿತವಾಗಿ ಎರಡು ಕಲ್ಲುಗಳು ಇದನ್ನು ಹೇಳುತ್ತವೆ.

ಆದರೆ ಆ ಕಲ್ಲುಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಪರಸ್ಪರ ಕತ್ತಿ ಮಸೆದ ಇಬ್ಬರು ಅರಸರು ಒಂದೇ ದೇವಾಲಯಕ್ಕೆ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ದಾನ ಕೊಟ್ಟರು. ಅವರ ಜಗಳ ದೇವರ ಬಗ್ಗೆ ಇರಲಿಲ್ಲ, ಧರ್ಮದ ಬಗ್ಗೆಯೂ ಇರಲಿಲ್ಲ. ಫಲವತ್ತಾದ ಭೂಮಿ, ಕೋಟೆ, ಕಂದಾಯ, ಹಿರಿತನ ಇವೇ ಕಾರಣ. ಅರಸರ ಯುದ್ಧಗಳನ್ನು ಓದುವಾಗಲೆಲ್ಲ ಈ ಎರಡು ಕಲ್ಲುಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಯಾರು ಯಾವ ಧರ್ಮದವರು ಎಂದು ಮೊದಲು ಕೇಳುವ ಬದಲು, ಯಾರಿಗೆ ಯಾವ ನೆಲ ಬೇಕಿತ್ತು ಎಂದು ಕೇಳಿದರೆ ಬಹಳಷ್ಟು ಗಂಟುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ನಮ್ಮ ಸೀಮೆಗೆ ಬಂದದ್ದು

ಗಡಿ ಕೃಷ್ಣೆಯವರೆಗೆ ಸರಿದ ಮೇಲೆ ನಮ್ಮ ಭಾಗ ರಾಜ್ಯದ ಒಡಲಿಗೆ ಬಂತು. ಉತ್ತರದಲ್ಲಿ ಯುದ್ಧವೇನೂ ನಿಂತಿರಲಿಲ್ಲ. 1196ರಲ್ಲಿ ಬಲ್ಲಾಳನ ದಂಡು ಹಾನಗಲ್ಲನ್ನು ಮುತ್ತಿತ್ತು. ಅದೇ 1196ರಲ್ಲಿ ಇಲ್ಲಿ ಅಮೃತಾಪುರದ ದೇವಾಲಯ ಎದ್ದಿತು. ಹೊಯ್ಸಳ ಶಿಲ್ಪಿಗಳಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮನ ಕೈಕೆಲಸ ಇಲ್ಲಿದೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳು, ಉತ್ತರದ ಗೋಡೆಯಲ್ಲಿ ಕೃಷ್ಣನ ಬಾಲ್ಯದ 25 ಮತ್ತು ಮಹಾಭಾರತದ 45 ಫಲಕಗಳಿವೆ. ಅಲ್ಲಿನ ಶಾಸನವನ್ನು ರಚಿಸಿದವನು ಕವಿ ಜನ್ನ. ಬಲ್ಲಾಳನಿಂದ ‘ಕವಿಚಕ್ರವರ್ತಿ’ ಎಂಬ ಬಿರುದು ಪಡೆದು, 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ ಜೈನ ಕವಿ ಇವನೇ. ಶಿವನ ಗುಡಿಯ ಶಾಸನವನ್ನು ಜೈನ ಕವಿ ಬರೆದದ್ದನ್ನು ಆ ಕಾಲದವರು ವಿಶೇಷವೆಂದು ಎಣಿಸಲಿಲ್ಲ. ಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ ಬ್ರಾಹ್ಮಣ, ಅವನ ಹೆಂಡತಿ ಆಚಿಯಕ್ಕ ಜೈನಳು. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಆಕೆಯೇ.

ಗುಡಿಗಳ ಜೊತೆಗೆ ಕೆರೆಗಳನ್ನೂ ಹೇಳಬೇಕು. ಸಖರಾಯಪಟ್ಟಣದ ಅಯ್ಯನಕೆರೆ ರುಕ್ಮಾಂಗದರಾಯನು ಕಟ್ಟಿಸಿದ್ದೆಂದು ಪ್ರತೀತಿ. 1156ರಲ್ಲಿ, ಅಂದರೆ ಬಲ್ಲಾಳನ ತಂದೆ ನರಸಿಂಹನ ಆಳ್ವಿಕೆಯಲ್ಲಿ, ಅದರ ಜೀರ್ಣೋದ್ಧಾರವಾಯಿತು. ಮಗನು ದುರ್ಬಲನೆಂದು ತಳ್ಳಿದ ಆ ತಂದೆಯ ಕಾಲದ ಕೆಲಸ ಎಂಟೂವರೆ ಶತಮಾನಗಳ ನಂತರವೂ ಕಡೂರು ಸೀಮೆಯ ಹೊಲಗಳಿಗೆ ನೀರು ಕೊಡುತ್ತಿದೆ. ಮಗನು ಗೆದ್ದ ಗಡಿ ಎಷ್ಟು ದಿನ ಉಳಿಯಿತು ಎಂಬುದನ್ನು ಈಗ ನೋಡೋಣ.

ಅದಕ್ಕೆ ಮುನ್ನ ಒಂದು ಮಾತು. ಇಂಥ ಗೆಲುವುಗಳಿಗೆ ಬೆಲೆ ತೆತ್ತವರು ಹಳ್ಳಿಯವರು. ನಮ್ಮ ಊರುಗಳ ಹೊರಗೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ಅರಸನ ಪ್ರಶಸ್ತಿಯಲ್ಲಿ ಸತ್ತ ಸಿಪಾಯಿಯ ಹೆಸರಿರುವುದಿಲ್ಲ. ಅವನ ಹೆಸರು ಇದ್ದರೆ ಇಂಥ ಕಲ್ಲಿನಲ್ಲಿ ಮಾತ್ರ.

ಗೆದ್ದ ಗಡಿ ಉಳಿಯಲಿಲ್ಲ

ಸೇವುಣರ ಸಿಂಘಣನು 1210ರಲ್ಲಿ ಪಟ್ಟಕ್ಕೆ ಬಂದನು. ಬಲ್ಲಾಳನು ಇನ್ನೂ ಬದುಕಿರುವಾಗಲೇ, ಅದೇ ದಶಕದಲ್ಲಿ, ಸಿಂಘಣನು ಸೊರಟೂರಿನ ಸೋಲಿಗೆ ಸೇಡು ತೀರಿಸಿಕೊಂಡು ತುಂಗಭದ್ರೆಯವರೆಗಿನ ಪ್ರದೇಶವನ್ನೂ ಬನವಾಸಿಯನ್ನೂ ಕಿತ್ತುಕೊಂಡನು. ಅಷ್ಟು ರಕ್ತ ಸುರಿಸಿ ಗಳಿಸಿದ್ದು ಹೊಯ್ಸಳರ ಕೈಯಲ್ಲಿ ಉಳಿದದ್ದು ಸುಮಾರು ಇಪ್ಪತ್ತು ವರ್ಷ.

ಆಮೇಲೆ ಜಗಳ ನಮ್ಮ ಬಾಗಿಲಿಗೇ ಬಂತು. 1276ರಲ್ಲಿ ಸೇವುಣರ ದಂಡನಾಯಕ ಸಾಳುವ ತಿಕ್ಕಮನು ದೋರಸಮುದ್ರವನ್ನು ಹಿಡಿಯುವುದಾಗಿ ಹೊರಟು ಬೆಳವಾಡಿಯವರೆಗೆ ಬಂದನು. ವೀರನಾರಾಯಣ ದೇವಾಲಯವಿರುವ ಬೆಳವಾಡಿ ಹಳೇಬೀಡಿಗೆ ಕೂಗಳತೆಯ ದೂರ. ಅಲ್ಲಿ ಮುಮ್ಮಡಿ ನರಸಿಂಹನ ಸೈನ್ಯವು ತಿಕ್ಕಮನನ್ನು ಸೋಲಿಸಿ ದುಮ್ಮಿಯ ಆಚೆಯವರೆಗೂ ಅಟ್ಟಿತು. ದುಮ್ಮಿ ಇರುವುದು ಹೊಳಲ್ಕೆರೆ ಸೀಮೆಯಲ್ಲಿ. ಬೆಳವಾಡಿಯಿಂದ ದುಮ್ಮಿಗೆ ಒಂದು ಗೆರೆ ಎಳೆದು ನೋಡಿ. ಅದು ಕಡೂರು, ಅಜ್ಜಂಪುರಗಳ ಮೇಲೆಯೇ ಹಾಯುತ್ತದೆ. ಓಡುವ ದಂಡೂ ಅಟ್ಟುವ ದಂಡೂ ತುಳಿದ ಬೆಳೆ, ಎಳೆದೊಯ್ದ ದನ ಯಾರವು ಎಂಬುದನ್ನು ಊಹಿಸಲು ಶಾಸನ ಬೇಕಿಲ್ಲ.

ಸೋತು ಹೋದ ಈ ತಿಕ್ಕಮನೇ ಮರುವರ್ಷ ಹರಿಹರದ ಹರಿಹರೇಶ್ವರ ಕ್ಷೇತ್ರದಲ್ಲಿ ಕಟ್ಟಡ ಕಟ್ಟಿಸಿದನು. ಆ ಕ್ಷೇತ್ರದ ಮುಖ್ಯ ದೇವಾಲಯವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳರ ದಂಡನಾಥ ಪೋಲಾಳ್ವ. ಗದಗಿನಲ್ಲಿ ಕಂಡದ್ದೇ ಇಲ್ಲಿಯೂ: ಹಗೆಗಳಿಬ್ಬರ ಕೆಲಸ ಒಂದೇ ಅಂಗಳದಲ್ಲಿದೆ.

ಹೊರಗಿನ ಹಗೆ ಸಾಲದೆಂಬಂತೆ ಹೊಯ್ಸಳರ ಮನೆಯೂ ಒಡೆಯಿತು. ಸೋಮೇಶ್ವರನ ನಂತರ ರಾಜ್ಯ ಎರಡು ಪಾಲಾಗಿ, ಕನ್ನಡ ಭಾಗ ಮುಮ್ಮಡಿ ನರಸಿಂಹನಿಗೂ ತಮಿಳು ಭಾಗ ರಾಮನಾಥನಿಗೂ ಹೋಯಿತು. ಅಣ್ಣತಮ್ಮಂದಿರು ವರ್ಷಗಟ್ಟಲೆ ಕಾದಾಡಿದರು. ಮುಮ್ಮಡಿ ಬಲ್ಲಾಳನು ಎರಡೂ ಪಾಲುಗಳನ್ನು ಮತ್ತೆ ಒಂದುಗೂಡಿಸುವ ಹೊತ್ತಿಗೆ ಹದಿಮೂರನೆಯ ಶತಮಾನವೇ ಮುಗಿದಿತ್ತು.

1311ರ ಹಿಂದಿನ ಕಥೆ

ದೆಹಲಿಯ ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರನು 1311ರಲ್ಲಿ ದೋರಸಮುದ್ರದ ಮೇಲೆ ಬಿದ್ದನು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದುಂಟು. ಆ ದಾಳಿಯಿಂದ ನಾಡಿಗೆ ಅಪಾರ ನಷ್ಟವಾಯಿತು, ನಿಜ. ಲೂಟಿಯನ್ನು ಲೂಟಿ ಎಂದೇ ಕರೆಯಬೇಕು. ಮಾಡಿದವನ ಹೆಸರು ಯಾವುದೇ ಇರಲಿ. ಆದರೆ ಅವನು ಅಷ್ಟು ದೂರ ಹೇಗೆ ಬಂದನು?

ಅಮೀರ್ ಖುಸ್ರೋ ‘ಖಜಾಯಿನುಲ್ ಫುತೂಹ್’ನಲ್ಲಿ ಈ ದಂಡಯಾತ್ರೆಯನ್ನು ವರ್ಣಿಸಿದ್ದಾನೆ. ದೇವಗಿರಿಯ ಸೇವುಣ ದೊರೆ ರಾಮಚಂದ್ರನು ಅಷ್ಟು ಹೊತ್ತಿಗೆ ದೆಹಲಿಗೆ ಅಧೀನನಾಗಿದ್ದನು. ಕಾಫರನ ಸೈನ್ಯಕ್ಕೆ ದೇವಗಿರಿಯಲ್ಲಿ ಬೇಕಾದ ಸಾಮಗ್ರಿ ದೊರೆಯಿತು. ಸೇವುಣರ ದಕ್ಷಿಣ ಗಡಿಯ ಅಧಿಕಾರಿಯೇ ಹೊಯ್ಸಳ ರಾಜ್ಯಕ್ಕೆ ದಾರಿ ತೋರಿಸಿದನು. ಸೊರಟೂರಿನಿಂದ ಬೆಳವಾಡಿಯವರೆಗೆ ಬೆಳೆದ ಹಗೆ ಇಲ್ಲಿ ಫಲ ಕೊಟ್ಟಿತು. ಇನ್ನು ಮುಮ್ಮಡಿ ಬಲ್ಲಾಳನು ಆಗ ರಾಜಧಾನಿಯಲ್ಲಿರಲಿಲ್ಲ. ಮಧುರೆಯ ಪಾಂಡ್ಯ ಸೋದರರಾದ ಸುಂದರ ಪಾಂಡ್ಯ, ವೀರ ಪಾಂಡ್ಯರ ಜಗಳದಲ್ಲಿ ಲಾಭ ಪಡೆಯಲೆಂದು ದಕ್ಷಿಣಕ್ಕೆ ಹೋಗಿದ್ದನು. ಅವಸರದಿಂದ ಹಿಂದಿರುಗಿ ಶರಣಾಗಿ ಕಪ್ಪ ಒಪ್ಪಿಸಬೇಕಾಯಿತು. ದೆಹಲಿಗೆ ಹೋದ ಅವನ ಮಗ ಹಿಂದಿರುಗಿದ್ದು 1313ರಲ್ಲಿ.

ಮುಂದಿನ ಮೂವತ್ತು ವರ್ಷಗಳ ಕಥೆಯೂ ಸರಳವಲ್ಲ. ಅದೇ ಬಲ್ಲಾಳನು ಮಧುರೆಯ ಸುಲ್ತಾನರ ವಿರುದ್ಧ ಹೋರಾಡುತ್ತಾ 1342–43ರ ಸುಮಾರಿಗೆ ಪ್ರಾಣ ಬಿಟ್ಟನು. ಅವನ ಸೈನ್ಯದಲ್ಲಿ ಸುಮಾರು ಇಪ್ಪತ್ತು ಸಾವಿರ ಮುಸ್ಲಿಮರಿದ್ದರೆಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಸಂಖ್ಯೆ ಹೆಚ್ಚುಕಡಿಮೆ ಇರಬಹುದು. ಆದರೆ ಸುಲ್ತಾನನ ವಿರುದ್ಧ ಹೊಯ್ಸಳ ಅರಸನ ಪರವಾಗಿ ಮುಸ್ಲಿಂ ಸೈನಿಕರು ನಿಂತಿದ್ದರು ಎಂಬ ಸಂಗತಿಯನ್ನು ಬರೆದವನು ಅದೇ ಕಾಲದ ಮುಸ್ಲಿಂ ಪ್ರವಾಸಿ. ದೇವಗಿರಿಯ ಯಾದವ ದೊರೆ ದೆಹಲಿಯ ಸೈನ್ಯಕ್ಕೆ ನೆರವಾದದ್ದನ್ನು ಬರೆದವನು ಅದೇ ದೆಹಲಿಯ ಕವಿ. ಇತಿಹಾಸವನ್ನು ಎರಡು ಬಣ್ಣಗಳಲ್ಲಿ ಬರೆಯಹೊರಟವರಿಗೆ ಇಂಥ ಸಾಕ್ಷ್ಯಗಳು ಅಡ್ಡ ಬರುತ್ತವೆ.

ಗೆಲುವು ಯಾವುದು?

ಹೊಯ್ಸಳ ಸೋದರರು ರಾಜ್ಯ ಹಂಚಿಕೊಂಡಿದ್ದ ಕಾಲದಲ್ಲಿಯೇ ಇಂಗ್ಲೆಂಡಿನಲ್ಲಿ ಮತ್ತೊಂದು ಒಳಯುದ್ಧ ನಡೆಯಿತು. ದೊರೆ ಮೂರನೆಯ ಹೆನ್ರಿಯ ಮನಸ್ವೀ ಆಡಳಿತಕ್ಕೆ ಕಡಿವಾಣ ಹಾಕಲು ಸೈಮನ್ ಡಿ ಮಾಂಟ್‌ಫೋರ್ಟ್ ಎಂಬ ಸರದಾರನು ಎದ್ದು ನಿಂತನು. 1264ರ ಮೇ ತಿಂಗಳಲ್ಲಿ ಲೂಯಿಸ್ ಎಂಬಲ್ಲಿ ಅವನು ದೊರೆಯನ್ನೇ ಸೆರೆಹಿಡಿದನು. 1265ರ ಜನವರಿಯಲ್ಲಿ ಅವನು ಕರೆದ ಪಾರ್ಲಿಮೆಂಟಿಗೆ ಸರದಾರರ ಜೊತೆಗೆ ಪಟ್ಟಣಗಳ ಪ್ರತಿನಿಧಿಗಳೂ ಬಂದರು. ಅದೇ ವರ್ಷ ಆಗಸ್ಟ್ 4ರಂದು ಈವ್‌ಶಾಮ್ ಯುದ್ಧದಲ್ಲಿ ರಾಜಕುಮಾರ ಎಡ್ವರ್ಡನು ಸೈಮನ್ನನನ್ನು ಸೋಲಿಸಿದನು. ಸೈಮನ್ ಅಲ್ಲಿಯೇ ಸತ್ತನು. ಆದರೆ ಅದೇ ಎಡ್ವರ್ಡ್ ದೊರೆಯಾದ ಮೇಲೆ, 1295ರಲ್ಲಿ, ಪಟ್ಟಣಗಳ ಪ್ರತಿನಿಧಿಗಳನ್ನು ಪಾರ್ಲಿಮೆಂಟಿಗೆ ಕರೆಸಿದನು. ಸೋತವನ ದಾರಿಯನ್ನು ಗೆದ್ದವನೇ ಹಿಡಿದನು.

ಸೊರಟೂರಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಗೆದ್ದವನ ಗಡಿ ಇಪ್ಪತ್ತು ವರ್ಷದಲ್ಲಿ ಹೋಯಿತು, ಉಳಿದದ್ದು ಹಗೆ. ಅಧಿಕಾರವನ್ನು ಹೇಗೆ ಹಂಚಿಕೊಳ್ಳಬೇಕು, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ದಾಟಿಸಬೇಕು ಎಂಬುದಕ್ಕೆ ಎರಡೂ ಮನೆಗಳಲ್ಲಿ ಯಾವ ಏರ್ಪಾಡೂ ಹುಟ್ಟಲಿಲ್ಲ. ಆದ್ದರಿಂದ ಪ್ರತಿ ತಲೆಮಾರಿನಲ್ಲಿಯೂ ಮತ್ತೆ ಕತ್ತಿಯೇ ಮಾತನಾಡಬೇಕಾಯಿತು. ಸಾಮ್ರಾಜ್ಯಕ್ಕೆ ನಿಜವಾದ ಈ ಮಾತು ಸಂಸ್ಥೆಗಳಿಗೂ ಕುಟುಂಬಗಳಿಗೂ ನಿಜ. ಸೋದರರ ವ್ಯಾಜ್ಯದಲ್ಲಿ ಕರಗಿದ ಅಡಿಕೆ ತೋಟಗಳು, ಪದಾಧಿಕಾರಿಗಳ ಪೈಪೋಟಿಯಲ್ಲಿ ಬಾಗಿಲು ಮುಚ್ಚಿದ ಸಂಘಗಳು ನಮ್ಮೆಲ್ಲರ ಕಣ್ಣ ಮುಂದೆಯೇ ಇಲ್ಲವೇ?

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಒಂದು ವಿನಂತಿ. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಕಾಲೇಜಿನ ಗ್ರಂಥಾಲಯದಲ್ಲಿ ಆ ಸಂಪುಟವನ್ನು ಕೇಳಿ ತೆಗೆಸಿ. ತಾಲ್ಲೂಕಿನ ಪ್ರಕಾರ ಊರುಗಳನ್ನು ಕೊಟ್ಟಿರುವುದರಿಂದ ನಿಮ್ಮ ಊರಿನದೋ ಪಕ್ಕದ ಊರಿನದೋ ಒಂದು ಶಾಸನ ಅದರಲ್ಲಿ ಸಿಕ್ಕೀತು. ನಂತರ ಆ ಕಲ್ಲು ಈಗ ಎಲ್ಲಿದೆ ಎಂದು ಹೋಗಿ ನೋಡಿ. ಬಟ್ಟೆ ಒಗೆಯುವ ಕಲ್ಲಾಗಿದ್ದರೆ, ಚರಂಡಿಗೆ ಚಪ್ಪಡಿಯಾಗಿದ್ದರೆ ಊರಿನ ಹಿರಿಯರಿಗೆ ತಿಳಿಸಿ ಹೇಳಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ. ಅದು ಯಾವ ದೇವರ ದತ್ತಿಯ ಕಲ್ಲು, ಯಾವ ಜಾತಿಯ ವೀರನ ಕಲ್ಲು ಎಂದು ಕೇಳಬೇಡಿ. ಈ ನೆಲದಲ್ಲಿ ಹುಟ್ಟಿ ಬೆಳೆದ ನಮಗೆ ಅದು ನಮ್ಮದೇ ದಾಖಲೆ. ಅದನ್ನು ಓದಬಲ್ಲವರು ನಮ್ಮ ಮನೆಗಳಲ್ಲಿಯೂ ಹುಟ್ಟಬೇಕು. ಹಳಗನ್ನಡವನ್ನು ಓದಲು ಕಲಿತ ನಾಲ್ಕು ಹುಡುಗರು, ನಾಲ್ಕು ಹುಡುಗಿಯರು ನಮ್ಮ ಮೂರು ಊರುಗಳಿಂದ ಹೊರಬಂದರೆ, ನಮ್ಮ ಇತಿಹಾಸವನ್ನು ಬೇರೆಯವರು ಹೇಳಿದಂತೆ ಕೇಳಿಕೊಂಡು ಕೂರುವ ಗತಿ ನಮಗೆ ಬರುವುದಿಲ್ಲ.